ಮಾವನ ಕಾರಿಗೆ ಹಿಂದಿನ ಗಾಜು ಅಂಟಿಸಿದ್ದು

ಗಾಜಿನ ಆಚೆ, ಒಂದು ಗೇಣು ದೂರದಲ್ಲಿ, ನಮ್ಮ ಸೋದರಮಾವನ ಮುಖ. ಕೆನ್ನೆಗಳು ಅದುರುತ್ತಿವೆ, ಬಾಯಿ ತೆರೆದಿದೆ, ಮುಖ ಓಡುತ್ತಿದೆ. ಇಷ್ಟು ವರ್ಷಗಳಾದರೂ ಸ್ನಾನ ಮಾಡುವಾಗಲೋ ಮಕ್ಕಳ ಉತ್ತರಪತ್ರಿಕೆ ತಿದ್ದುವಾಗಲೋ ಆ ಮುಖ ಇದ್ದಕ್ಕಿದ್ದಂತೆ ಎದುರಿಗೆ ಬರುತ್ತದೆ. ಮಾವ ಓಡುತ್ತಿದ್ದುದು ನನ್ನನ್ನು ಉಳಿಸಲು ಎಂದು ನಾನು ಬಹಳ ದಿನ ನಂಬಲು ಪ್ರಯತ್ನಿಸಿದೆ. ಆಗಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ದೊಡ್ಡಬಳ್ಳಾಪುರದಲ್ಲಿ ಮಾವನಿಗೆ ನಾಲ್ಕು ಪವರ್‌ಲೂಮುಗಳಿದ್ದವು, ಒಂದು ಹಳೆಯ ಕಾರಿತ್ತು. ಮಗ್ಗಗಳು ಹೇಳಿದ ಮಾತು ಕೇಳುತ್ತಿದ್ದವು. ಕಾರಿನ ಬ್ಯಾಟರಿ ಸತ್ತು ಕಾಲವಾಗಿತ್ತು. ಹ್ಯಾಂಡ್‌ಬ್ರೇಕ್ ಎಳೆದರೆ ಕೈಗೆ ಬರುತ್ತಿತ್ತು, ಚಕ್ರಕ್ಕೆ ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ಮಾವ ಅದನ್ನು ಮನೆ ಮುಂದಿನ ಇಳಿಜಾರಿನಲ್ಲಿ, ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದರು. ಹೊರಡುವಾಗ ಬೀದಿಯವರು ಬಂದು ಹಿಂದಿನಿಂದ ನೂಕಬೇಕು, ಉರುಳುತ್ತ ಉರುಳುತ್ತ ಎಂಜಿನ್ ಶುರುವಾಗಬೇಕು, ಇಳಿಜಾರಿನ ಕೊನೆ ಬರುವಷ್ಟರಲ್ಲಿ ಮಾವ ಎಡಕ್ಕೆ ತಿರುಗಿಸಿಕೊಳ್ಳಬೇಕು. ತಿರುಗಿಸದಿದ್ದರೆ ನೇರ ಎದುರಿಗೆ ಊರಿನ ಹಳೆಯ ಬಾವಿ. ಅದಕ್ಕೆ ಕಟ್ಟೆ ಇರಲಿಲ್ಲ.

ಗೇರಿನಲ್ಲಿಟ್ಟಾದರೂ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಮಾವ ಒಪ್ಪುತ್ತಿರಲಿಲ್ಲ. "ಹಲ್ಲು ಸವೀತವೆ ಕಣಯ್ಯ. ಹಗಲೂ ರಾತ್ರಿ ಕಚ್ಕೊಂಡೇ ಇದ್ರೆ ನಿನ್ ಹಲ್ಲೂ ಸವೀತವೆ." ಅವರ ಏರ್ಪಾಡು ಬೇರೆ ಇತ್ತು. ಅತ್ತೆಯ ಒರಳಿನಿಂದ ಗುಂಡುಕಲ್ಲನ್ನು ಎತ್ತಿಕೊಂಡು ಬಂದು ಮುಂದಿನ ಚಕ್ರಕ್ಕೆ ಅಡ್ಡ ಕೊಡುವುದು. ಆ ಕಲ್ಲಿನ ವಿಷಯಕ್ಕೆ ಗಂಡಹೆಂಡಿರ ನಡುವೆ ವಾರಕ್ಕೆ ಎರಡು ಸಲವಾದರೂ ಜೋರು ಮಾತು ನಡೆಯುತ್ತಿತ್ತು.

ಆ ಕಾರಿನ ಹಿಂದಿನ ಗಾಜು ಒಡೆದದ್ದು ಮಾವನಿಂದಲೇ. ಮಗ್ಗಕ್ಕೆ ನೂಲು ಸುತ್ತುವ ಮರದ ಉರುಳೆಯನ್ನು ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ ಉದ್ದಕ್ಕೆ ಮಲಗಿಸಿ ತರುತ್ತಿದ್ದರು. ಸಾಸಲು ಕಡೆಯ ದಾರಿಯಲ್ಲಿ ಒಂದು ಹಳ್ಳ ಬಂತು. ಉರುಳೆ ಹಿಂದಿನಿಂದ ಹೊರಗೆ ಹೋಯಿತು. ಹಾಗೆಯೇ ಬಿಡಬಹುದಿತ್ತು, ಬೇಸಿಗೆ, ಗಾಳಿ ಬರುತ್ತಿತ್ತು. ಆದರೆ ಅಪ್ಪ ಇಲ್ಲದ ನನ್ನ ಮದುವೆಯ ಹೊಣೆ ಮಾವನದಾಗಿತ್ತು. ಅನುಗೊಂಡನಹಳ್ಳಿಯಲ್ಲಿ ಹೆಣ್ಣು ನೋಡಲು ಹೋಗುವುದು ನಿಶ್ಚಯವಾಗಿತ್ತು, 'ಕಾರಲ್ಲೇ ಬರ್ತೀವಿ' ಎಂದು ಮಾವ ಕಾಗದ ಬರೆದೂ ಆಗಿತ್ತು. ಹಿಂದೆ ಗೋಣಿಚೀಲ ಕಟ್ಟಿದ ಕಾರಿನಲ್ಲಿ ಹೋಗಿ ಹೆಣ್ಣು ಕೇಳುವುದು ಹೇಗೆ? ನಾನು ಬೆಂಗಳೂರಿಗೆ ಹೋಗಿ, ಹಳೆಯ ಕಾರುಗಳನ್ನು ಬಿಚ್ಚಿ ಮಾರುವವರ ಹತ್ತಿರ ಸರಿಯಾದ ಅಳತೆಯ ಗಾಜು ಹುಡುಕಿ, ಕಂಬಳಿಯಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ತಂದೆ.

ಗಾಜು ಬಂತು, ಅದನ್ನು ಕೂರಿಸುವ ರಬ್ಬರ್ ಪಟ್ಟಿ ಇರಲಿಲ್ಲ. ಹಳೆಯದು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿತ್ತು. ಮಾವನ ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದ ಮೇಸ್ತ್ರಿ ಬಂದು ನೋಡಿದರು.

"ರಬ್ಬರ್ ಯಾತಕ್ಕೆ ಯಜಮಾನ್ರೇ? ಅಂಟಿಸ್ಬಿಡಾನ."

"ಗಾಜನ್ನ ತಗಡಿಗೆ ಅಂಟಿಸ್ತಾರೇನಯ್ಯ ಎಲ್ಲಾದ್ರೂ?"

"ನಿಮ್ಮಳಿಯ ಬಿ.ಎಸ್ಸಿ. ಅಲ್ವರಾ? ಅವ್ರನ್ನೇ ಕೇಳಿ."

ಇಬ್ಬರೂ ನನ್ನತ್ತ ತಿರುಗಿದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ಆರು ತಿಂಗಳಾಗಿತ್ತು. ಗೊತ್ತಿಲ್ಲ ಎನ್ನುವ ಅಭ್ಯಾಸ ಆಗಲೇ ತಪ್ಪಿಹೋಗಿತ್ತು. ಅಂಟು ಎಂದರೆ ಅಣುಗಳು ಒಂದನ್ನೊಂದು ಹಿಡಿದುಕೊಳ್ಳುವುದು, ಅದಕ್ಕೆ ಸಮಯ ಬೇಕು, ಒಂದು ಗಂಟೆಯ ಕಾಲ ಎರಡೂ ಕಡೆಯಿಂದ ಒತ್ತಿ ಹಿಡಿಯಬೇಕು, ನಡುವೆ ಒಂದು ಕ್ಷಣ ಕೈ ಬಿಟ್ಟರೂ ಎಲ್ಲ ಹಾಳು ಎಂದೆ. ಒಂದು ಗಂಟೆ ಎಂಬ ಲೆಕ್ಕ ನನಗೆ ಎಲ್ಲಿಂದ ಬಂತೋ ಇವತ್ತಿಗೂ ತಿಳಿಯದು. ಮೇಸ್ತ್ರಿ ಮಾತ್ರ ಕಣ್ಣರಳಿಸಿ, "ಕೇಳಿದ್ರಾ? ಅಣು ಹಿಡ್ಕೋಬೇಕಂತೆ" ಎಂದರು.

ಮರುದಿನ ಬೆಳಗ್ಗೆ ಹತ್ತರ ಹೊತ್ತಿಗೆ ಕೆಲಸ ಶುರುವಾಯಿತು. ಮೇಸ್ತ್ರಿ ರಾಳವನ್ನು ಎಣ್ಣೆಯಲ್ಲಿ ಕರಗಿಸಿ, ಸೈಕಲ್ ಟ್ಯೂಬಿಗೆ ಪ್ಯಾಚು ಹಾಕುವ ಸಲ್ಯೂಷನ್ ಹಿಂಡಿ, ಸುಣ್ಣ ಉದುರಿಸಿ ಕಲಸಿದರು. ಅದರ ವಾಸನೆಗೆ ಎದುರು ಮನೆಯ ಕಿಟಕಿ ಮುಚ್ಚಿತು. ಕಾರಿನ ಅಂಚಿಗೆಲ್ಲ ಅದನ್ನು ಮೆತ್ತಿ ಗಾಜು ಕೂರಿಸಿದೆವು. ಹೊರಗಿನಿಂದ ಮಾವ ಒಂದು ಬದಿ, ಮೇಸ್ತ್ರಿ ಇನ್ನೊಂದು ಬದಿ, ಅಂಗೈ ಅಗಲಿಸಿ ಒತ್ತಿ ನಿಂತರು. ಗಾಜು ಒಳಗೆ ಜಾರದಂತೆ ನಾನು ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಹಿಂದಕ್ಕೆ ಮುಖ ಮಾಡಿ, ನನ್ನ ಅಂಗೈಗಳನ್ನು ಅವರ ಅಂಗೈಗಳಿಗೆ ಸರಿಯಾಗಿ ಕೊಟ್ಟು ಹಿಡಿದೆ.

ಅರ್ಧ ಗಂಟೆ ಹಾಗೆಯೇ ನಿಂತಿದ್ದೆವು. ನಾನು ಬೆವರಿ ನೀರಾಗಿದ್ದೆ. ಆಗ ಬೆನ್ನ ಹಿಂದೆ, ಕಾರಿನ ಮೂತಿಯ ಕಡೆಯಿಂದ ಅತ್ತೆಯ ದನಿ ಕೇಳಿಸಿತು.

"ಹುಳಿಗೆ ಖಾರ ರುಬ್ಬಾಣ ಅಂದ್ರೆ ಗುಂಡೇ ಇಲ್ಲ ಒರಳಲ್ಲಿ. ಇಲ್ ತಂದ್ ಬಡ್ದವ್ರೆ. ಈ ಮನೇಲಿ ಕಾರಿಗೆ ಇರೋ ಮರ್ಯಾದೆ ಒಲೆಗಿಲ್ಲ."

ಏನೋ ಅಲ್ಲಾಡಿಸಿದ ಸದ್ದು, ಕಲ್ಲು ಉಜ್ಜಿದ ಸದ್ದು, ಅತ್ತೆ ಏದುಸಿರು ಬಿಡುತ್ತ ಒಳಗೆ ಹೋದದ್ದು. ಎಲ್ಲವನ್ನೂ ಕೇಳಿಸಿಕೊಂಡೆ. ನನ್ನ ಗಮನವೆಲ್ಲ ಗಾಜಿನ ಮೇಲಿತ್ತು.

"ಇನ್ನೊಂಚೂರು ಒತ್ತಿ ಯಜಮಾನ್ರೇ" ಎಂದರು ಮೇಸ್ತ್ರಿ. ಇಬ್ಬರೂ ಒತ್ತಿದರು.

ಮೊದಲು ಮಾವನ ಮನೆ ಹಿಂದಕ್ಕೆ ಹೋಗುತ್ತಿದೆ ಎನ್ನಿಸಿತು. ಬಾಗಿಲು ಚಿಕ್ಕದಾಯಿತು. ಜಗಲಿ ಚಿಕ್ಕದಾಯಿತು. ಮಾವ ಮತ್ತು ಮೇಸ್ತ್ರಿ ಮಾತ್ರ ಚಿಕ್ಕವರಾಗಲಿಲ್ಲ. ಅವರ ಮುಖಗಳು ಇದ್ದಲ್ಲೇ ಇದ್ದವು, ಆದರೆ ಮೇಲೆ ಕೆಳಗೆ ಕುಣಿಯುತ್ತಿದ್ದವು. ಅವರು ನಡೆಯುತ್ತಿದ್ದಾರೆ ಎಂದು ಆಗ ತಿಳಿಯಿತು. ಆಮೇಲೆ ಓಡುತ್ತಿದ್ದಾರೆ ಎಂದು.

"ಗಾಡಿ ಹೊರಟ್ತು ಕಣೋ!" ಎಂದರು ಮಾವ.

"ಕೈ ಬಿಡಬೇಡಿ! ಅಣು ಬಿಟ್ಕೊಂತವೆ!" ಎಂದು ಮೇಸ್ತ್ರಿ ಕೂಗಿದರು.

ಮಾವ ಬಿಡಲಿಲ್ಲ. ಅಷ್ಟೇ ಅಲ್ಲ, ಓಟದಲ್ಲಿ ಗಾಜು ಸಡಿಲವಾದೀತೆಂದು ಇನ್ನೂ ಬಲವಾಗಿ ಒತ್ತಿದರು. ಒತ್ತಿದಷ್ಟೂ ಕಾರು ಓಡಿತು. ಕಾರು ಓಡಿದಷ್ಟೂ ಒತ್ತಿದರು. ನಾನು ಒಳಗಿನಿಂದ ಅಷ್ಟೇ ಬಲವಾಗಿ ತಡೆದು ಹಿಡಿದಿದ್ದೆ. ನನ್ನದೇ ಮಾತು ತಾನೇ, ಒಂದು ಕ್ಷಣವೂ ಬಿಡಬಾರದು ಎಂದು.

ಜಗಲಿಯ ಮೇಲೆ ಕೂತಿದ್ದ ಪಕ್ಕದ ಮನೆಯವರು ಇದನ್ನು ನೋಡಿ ಎದ್ದರು. ಆ ಬೀದಿಯಲ್ಲಿ ಮಾವನ ಕಾರನ್ನು ನೂಕುವುದು ಎಲ್ಲರಿಗೂ ದಿನದ ಕೆಲಸವಾಗಿತ್ತು. "ಏನಪ್ಪಾ, ಯಜಮಾನ್ರೇ ನೂಕ್ತಾವ್ರಲ್ಲ ಇವತ್ತು! ಒಂದ್ ಕೈ ಹಾಕ್ರೋ!" ಎನ್ನುತ್ತ ಪಂಚೆ ಎತ್ತಿ ಕಟ್ಟಿಕೊಂಡು ಓಡಿಬಂದು, ಡಿಕ್ಕಿಗೆ ಹೆಗಲು ಕೊಟ್ಟು ನೂಕತೊಡಗಿದರು. ಮಾವ ಏನೋ ಹೇಳಲು ಬಾಯಿ ತೆರೆದರು. ಉಸಿರು ಸಾಲಲಿಲ್ಲ.

ಆ ತೆರೆದ ಬಾಯಿಯನ್ನು ನೋಡುತ್ತಿರುವಾಗ ನನಗೆ ಒಂದು ಸಣ್ಣ ಲೆಕ್ಕ ಹೊಳೆಯಿತು. ಈ ಕಾರನ್ನು ಓಡಿಸಲು ಬರುವವರು ಈ ಮನೆಯಲ್ಲಿ ಒಬ್ಬರೇ. ಆ ಒಬ್ಬರು ಗಾಜಿನ ಆಚೆ ಇದ್ದಾರೆ. ಹಾಗಾದರೆ ನನ್ನ ಬೆನ್ನ ಹಿಂದೆ, ಸ್ಟೀರಿಂಗ್ ಹಿಡಿದು ಕೂತವರು ಯಾರು?

ತಿರುಗಿ ನೋಡುವ ಧೈರ್ಯವಾಗಲಿಲ್ಲ. ನೋಡದೆಯೇ ಬಾವಿ ಕಾಣಿಸಿತು. ಅದರ ಹಸಿರು ನೀರು, ಅಂಚಿನ ಗರಿಕೆ, ಒಳಗೋಡೆಯಲ್ಲಿ ಗೂಡು ಕಟ್ಟಿದ್ದ ಪಾರಿವಾಳಗಳು. ಒಂದು ಕಡೆ ಬಾವಿ, ಇನ್ನೊಂದು ಕಡೆ ಅಣು. ಹೇಳಲು ನಾಚಿಕೆಯಾಗುತ್ತದೆ, ನಾನು ಇನ್ನೂ ಮೂರು ನಾಲ್ಕು ಮನೆಗಳಷ್ಟು ದೂರ ಗಾಜನ್ನೇ ಹಿಡಿದಿದ್ದೆ.

ಆಮೇಲೆ ಬಿಟ್ಟೆ. "ಯಾಕ್ಲೇ ಬಿಟ್ಟೆ!" ಎಂದು ಮಾವ ಆಚೆಯಿಂದ ಕಿರುಚಿದ್ದು ಕೇಳಿಸಿತು. ಮುಂದಿನ ಸೀಟಿನ ಬೆನ್ನಿನ ಮೇಲಿಂದ ತಲೆಕೆಳಗಾಗಿ ಬಿದ್ದೆ. ಕಾಲು ಮೇಲೆ, ತಲೆ ಪೆಡಲುಗಳ ಹತ್ತಿರ. ಅಲ್ಲಿ ಮೂರು ಪೆಡಲುಗಳಿದ್ದವು. ನನಗೆ ಒಂದೂ ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಒತ್ತಿದೆ, ಏನೂ ಆಗಲಿಲ್ಲ. ನಡುವಿನದನ್ನು ಎರಡೂ ಅಂಗೈಯಿಂದ, ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಕಾರು ಮುಲುಗಿ ನಿಂತಿತು. ಹಿಂದೆ ಧಬ್ ಧಬ್ ಎಂದು ಒಬ್ಬೊಬ್ಬರೇ ಬಂದು ಗುದ್ದಿಕೊಂಡರು.

ಗಾಜು ಬೀಳಲಿಲ್ಲ.

"ಅಲ್ಲಾಡ್ಲಿಲ್ಲ ಕಣಯ್ಯ! ಕೂದಲೆಳೆಯಷ್ಟೂ ಅಲ್ಲಾಡ್ಲಿಲ್ಲ!" ಮಾವನ ದನಿಯಲ್ಲಿ ಹಬ್ಬವಿತ್ತು.

"ಕಲ್ಲು! ಚಕ್ರಕ್ಕೆ ಕಲ್ಲಿಡಿ ಮಾವ!" ಎಂದು ನಾನು ಪೆಡಲುಗಳ ನಡುವಿನಿಂದ ಕೂಗಿದೆ.

"ಇರೋ, ಗಂಟೆ ಆಗಿಲ್ಲ ಇನ್ನೂ. ಇಪ್ಪತ್ತೈದು ನಿಮಿಷ ಅದೆ. ಒತ್ತಯ್ಯ ಮೇಸ್ತ್ರಿ."

ಮತ್ತೆ ಒತ್ತತೊಡಗಿದರು. ನನ್ನ ಕೈಯ ಕೆಳಗೆ ಬ್ರೇಕು ನಡುಗಿತು. ಕಾರು ಒಂದು ಮೊಳ ಮುಂದಕ್ಕೆ ಜರುಗಿತು. ಇನ್ನೊಂದು ಮೊಳ. ನಾನು ಆಗ ಏನೇನು ಕೂಗಿದೆನೋ ನೆನಪಿಲ್ಲ. ಮಾವನಿಗೆ ಅದುವರೆಗೆ ಬಳಸದ ಮಾತುಗಳನ್ನೂ ಬಳಸಿದೆನಂತೆ. ಎಂಜಿನ್ ಸದ್ದು ಯಾಕೆ ಬರುತ್ತಿಲ್ಲ ಎಂದು ನೋಡಲು ಪಕ್ಕದ ಮನೆಯವರು ಮುಂದಕ್ಕೆ ಬಂದದ್ದು ನನ್ನ ಪುಣ್ಯ.

"ಅಯ್ಯೋ ಶಿವನೇ, ಒಳಗ್ ಯಾರೂ ಇಲ್ವಲ್ಲ! ಬರೀ ಎರಡು ಕಾಲು ಅವೆ!"

ಅವರೇ ಬೇಲಿಯ ಬುಡದಿಂದ ಎರಡು ಕಲ್ಲು ಕಿತ್ತು ತಂದು ಚಕ್ರಕ್ಕೆ ಕೊಟ್ಟರು. ಬ್ರೇಕಿನಿಂದ ನನ್ನ ಕೈ ಬಿಡಿಸಲು ಇಬ್ಬರು ಬೇಕಾದರು. ಹೊರಗೆ ಬಂದು ಬಾವಿಯವರೆಗೆ ಹೆಜ್ಜೆ ಹಾಕಿ ಎಣಿಸಿದೆ. ಒಂಬತ್ತು. "ಒಂಬತ್ತು ಅಂದ್ರೆ ಬೇಕಾದಷ್ಟಾಯ್ತಲ್ಲೋ" ಎಂದರು ಮಾವ, ಕಣ್ಣು ಗಾಜಿನ ಮೇಲೆ.

ಮಾರನೆಯ ದಿನ ಮಾವ, ಅತ್ತೆ, ಅಮ್ಮ ಕಾರಿನಲ್ಲಿ ಅನುಗೊಂಡನಹಳ್ಳಿಗೆ ಹೊರಟರು. ನಾನು ಹತ್ತಲಿಲ್ಲ. ಅಮ್ಮ ಕೈ ಹಿಡಿದು ಎಳೆದರೂ ಹತ್ತಲಿಲ್ಲ. ಮೂರು ಬಸ್ಸು ಬದಲಾಯಿಸಿ, ಧೂಳು ಮೆತ್ತಿಕೊಂಡು, ಎಲ್ಲರ ಉಪ್ಪಿಟ್ಟು ಮುಗಿದ ಮೇಲೆ ತಲುಪಿದೆ. ಹೆಣ್ಣಿನ ತಂದೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಮ್ಮ ಹೆಂಡತಿಯ ಕಡೆ ತಿರುಗಿ, "ಮನೇಲಿ ಕಾರಿಟ್ಕೊಂಡು ಬಸ್ಸಲ್ಲಿ ಬಂದವ್ರೆ ಕಣೇ. ಎಷ್ಟು ಸರಳ ನೋಡು" ಎಂದರು. ಮಾವ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅವರ ಕಾಲು ತುಳಿದರು.

ಹೊರಡುವ ಹೊತ್ತಿಗೆ ಬಸ್ಸಿರಲಿಲ್ಲ. ಅಮ್ಮ, ಅತ್ತೆ ಹತ್ತಿ ಕೂತು ಕರೆದರು. ಮಾವ ಇನ್ನೂ ಕಾರಿನ ಹಿಂದೆ ನಿಂತು, ಬೀಗರಾಗುವವರಿಗೆ ಗಾಜನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಕುಟ್ಟಿ ತೋರಿಸುತ್ತಿದ್ದರು. ನಾನು ತೆರೆದ ಬಾಗಿಲು ಹಿಡಿದು ಹೊರಗೇ ನಿಂತೆ. ಬಿಸಿಲು ಚುರುಗುಟ್ಟುತ್ತಿತ್ತು. ಕೂತ್ಕೊಳಪ್ಪ ಎಂದು ಎಷ್ಟು ಜನ ಹೇಳಿದರೂ ಕೂರಲಿಲ್ಲ.

"ನೋಡ್ದಾ?" ಎಂದರು ಹೆಣ್ಣಿನ ತಂದೆ, ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಕೇಳುವಂತೆ. "ಹಿರೀರು ಕೂರೋವರ್ಗೂ ಕೂರಲ್ಲ. ಈ ಕಾಲದಲ್ಲಿ ಯಾರಿಗದೆ ಇಂಥ ಸಂಸ್ಕಾರ?"

ಮಾವ ಬಂದು ಕೂತು, ಸ್ಟೀರಿಂಗ್ ಹಿಡಿದು, ಬ್ರೇಕಿನ ಮೇಲೆ ಕಾಲಿಟ್ಟದ್ದನ್ನು ಬಗ್ಗಿ ನೋಡಿ ಖಚಿತಪಡಿಸಿಕೊಂಡು ನಾನು ಹತ್ತಿದೆ. ಹೆಣ್ಣಿನ ತಂದೆ ನಿಂತಲ್ಲಿಂದಲೇ ಒಪ್ಪಿಗೆ ಎಂದು ಕೂಗಿ ಹೇಳಿದರು.