ಅಪ್ಪನ ಕಿವಿ, ಕಾರಿನ ಕೆಮ್ಮು

ನಮ್ಮ ಅಪ್ಪನ ಕಿವಿ ಮಂದವಾಗಿ ಎರಡು ವರ್ಷವಾಗಿತ್ತು. ಈ ಸಂಗತಿ ಬಳ್ಳಾರಿ ಗಾಂಧಿನಗರದ ನಮ್ಮ ಓಣಿಗೆಲ್ಲ ಗೊತ್ತಿತ್ತು. ಎದುರುಮನೆಯ ನಾಯಿಗೂ ಗೊತ್ತಿತ್ತು. ಅಪ್ಪನನ್ನು ಕಂಡು ಬೊಗಳುವುದು ದಂಡ ಅಂತ ಅದು ಬೊಗಳುವುದನ್ನೇ ಬಿಟ್ಟಿತ್ತು. ಗೊತ್ತಿಲ್ಲದವನು ಅಪ್ಪ ಒಬ್ಬನೇ. ಯಾರು ಏನು ಕೇಳಿದರೂ ಒಂದು ನಗು ನಕ್ಕು "ಆಗ್ಲಿ ಬಿಡ್ರಿ" ಅನ್ನುತ್ತಿದ್ದ. ಆ ಒಂದು ಮಾತಿನ ಬಲದ ಮೇಲೆ ಮದುವೆಮನೆ, ಸಾವಿನಮನೆ ಎರಡನ್ನೂ ದಾಟಿಬಿಡುತ್ತಿದ್ದ.

ಮನೆಯೊಳಗೆ ಇದು ನಡೆದೀತು, ರಸ್ತೆಯ ಮೇಲೆ ನಡೆಯುವುದಿಲ್ಲ. ಅಪ್ಪ ಸರ್ಕಾರಿ ಇಲಾಖೆಯೊಂದರ ಜೀಪು ಓಡಿಸಿ ನಿವೃತ್ತನಾದವನು. ನಮ್ಮ ಹಳೇ ಪೆಟ್ರೋಲ್ ಕಾರಿನ ಸ್ಟೇರಿಂಗ್ ತನ್ನ ಪಿತ್ರಾರ್ಜಿತ ಆಸ್ತಿ ಅಂತಲೇ ತಿಳಿದಿದ್ದ. ಒಮ್ಮೆ ಕುಡತಿನಿ ರಸ್ತೆಯಲ್ಲಿ ಹಿಂದಿನ ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದರೂ ಇವನು ಸೈಡ್ ಕೊಡಲಿಲ್ಲ. ಕೊನೆಗೆ ಲಾರಿ ನಮ್ಮ ಕಾರನ್ನು ಸವರಿದಂತೆಯೇ ಮುಂದೆ ಹೋಯಿತು. ಹಿಂದೆ ಕೂತ ನನ್ನ ಜೀವ ಬಾಯಿಗೆ ಬಂದಿತ್ತು. ಅಂದಿನಿಂದ ನನಗೆ ಒಂದೇ ಹಟ: ಅಪ್ಪನ ಕೈಯಿಂದ ಕಾರಿನ ಕೀ ತಗೊಳ್ಳಬೇಕು.

ನನ್ನ ಹತ್ತಿರ ಲೈಸೆನ್ಸ್ ಇತ್ತು. ಶಾಲೆಯಲ್ಲಿ ಮಕ್ಕಳನ್ನು ಹದ್ದುಬಸ್ತಿನಲ್ಲಿಡುವ ಟೀಚರಮ್ಮನ ಗಂಟಲೂ ಇತ್ತು. ಆದರೆ ಕಿವಿ ಡಾಕ್ಟರಿಗೆ ತೋರಿಸೋಣ ಅಂತ ಜೋರಾಗಿ ಹೇಳಿದರೆ ಅಪ್ಪನಿಗೆ ಜೋರು ಮಾಡಿದ್ದಕ್ಕೇ ಸಿಟ್ಟು. ಮೆಲ್ಲಗೆ ಹೇಳಿದರೆ ಮತ್ತದೇ, ಆಗ್ಲಿ ಬಿಡು. ಇಂಥವನ ಜೊತೆ ಜಗಳವಾದರೂ ಆಡುವುದು ಹೇಗೆ?

ಕಳೆದ ಚಳಿಗಾಲ ಸಿರುಗುಪ್ಪದಲ್ಲಿ ನಮ್ಮ ಸೋದರತ್ತೆಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಹೋಗುವಾಗ ಕುರುಗೋಡಿನ ಬಸವೇಶ್ವರನಿಗೆ ಒಂದು ಕಾಯಿ ಒಡೆಸೋಣ ಅಂದಳು ಅವ್ವ. ಅಪ್ಪ ಬೆಳಿಗ್ಗೆಯೇ ಸ್ನಾನ ಮುಗಿಸಿ, ವಿಭೂತಿ ಹಚ್ಚಿ, ಕೀ ಜೇಬಿಗೆ ಇಳಿಸಿಕೊಂಡಿದ್ದ. ನಾನು ಹಿಂದಿನ ಸೀಟಿನಲ್ಲಿ ಕೂತು ಹಲ್ಲು ಕಡಿದೆ.

ಬಳ್ಳಾರಿ ದಾಟುವಷ್ಟರಲ್ಲಿ ಕಾರು ಕೆಮ್ಮತೊಡಗಿತು. ಎಂಜಿನ್ ತಾಳ ತಪ್ಪಿ ಕುಂಟುತ್ತಿತ್ತು, ಏರು ಬಂದರೆ ಉಬ್ಬಸಪಡುತ್ತಿತ್ತು, ನಡುಕ ಸೀಟಿನಿಂದ ನನ್ನ ಬೆನ್ನಿಗೆ ಏರುತ್ತಿತ್ತು. ಎಂಜಿನ್ ಸರಿ ಇಲ್ಲ ಅಂತ ಅಪ್ಪನ ಭುಜ ತಟ್ಟಿ ಹೇಳಿದೆ. ರೋಡು ಕೆಟ್ಟೈತಿ ಅಂದ. ನಮ್ಮ ಕಡೆಯ ರಸ್ತೆಗಳು ಯಾರು ಏನು ಅಂದರೂ ಅನ್ನಿಸಿಕೊಳ್ಳಲು ಯಾವತ್ತೂ ತಯಾರು. ಹಾಗಾಗಿ ನನ್ನ ವಾದಕ್ಕೆ ಜಾಗವೇ ಸಿಗಲಿಲ್ಲ.

ಕುರುಗೋಡಿನಲ್ಲಿ ಪೂಜೆ ಮುಗಿಸಿದೆವು. ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ, ಮಂಡಕ್ಕಿ ತಿಂದೆವು. ಹೊರಡಲು ಅಪ್ಪ ಕಾರು ಸ್ಟಾರ್ಟ್ ಮಾಡಿದ. ತೊಟ್ಟಿಲಿಗೆಂದು ಅವ್ವ ಮಾಡಿದ್ದ ಶೇಂಗಾ ಉಂಡಿಯ ಸ್ಟೀಲ್ ಡಬ್ಬಿ ಮುಂದಿನ ಗಾಜಿನ ಕೆಳಗೆ ಇತ್ತು. ಅದು ಗಡಗಡ ನಡುಗುತ್ತ, ಒಂದಿಷ್ಟೇ ಸರಿಯುತ್ತ ಬಂದು ಅವಳ ಮಡಿಲಿಗೆ ಬಿತ್ತು. ಅವ್ವ ಡಬ್ಬಿ ಎತ್ತಿಕೊಂಡು, ಅಪ್ಪನ ಮುಖಕ್ಕೆ ಮುಖ ತಂದು, ಮಾತನ್ನು ಬಿಡಿಸಿ ಬಿಡಿಸಿ ಕೇಳಿದಳು.

"ಗಾಡಿ ನಿಂತೈತ್ರೀ. ಈಗ ರೋಡ್ ಎಲ್ಲೈತಿ?"

ಅಪ್ಪ ಇಳಿದು ಬಾನೆಟ್ ಎತ್ತಿದ. ಬಾನೆಟ್ ಎತ್ತುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಬಸ್ಸಿಗೆ ಕಾದಿದ್ದವರೆಲ್ಲ ಬಂದು ಸುತ್ತ ನಿಂತರು. ಪೆಟ್ರೋಲಿನಲ್ಲಿ ನೀರು ಸೇರಿದೆ ಅಂದ ಒಬ್ಬ. ಕಚರಾ ಸಿಕ್ಕಿದೆ ಅಂದ ಇನ್ನೊಬ್ಬ. ಗಾಡಿಗೆ ನಿಂಬೆಹಣ್ಣು ಕಟ್ಟಿಲ್ಲ, ದೃಷ್ಟಿ ತಾಗಿದೆ ಅಂತ ಒಬ್ಬ ಅಜ್ಜಿ ನನ್ನ ಮೇಲೆಯೇ ತಪ್ಪು ಹೊರಿಸಿದಳು. ಅಪ್ಪ ಎಲ್ಲರಿಗೂ ನಕ್ಕು, ಆಗ್ಲಿ ಬಿಡ್ರಿ ಅಂದು, ಅಂಗಿಯ ತೋಳು ಮಡಚಿದ.

ಅವನದು ಜೀಪಿನ ಕಾಲದಿಂದ ಬಂದ ಪದ್ಧತಿ. ನಾಲ್ಕು ಸಿಲಿಂಡರಿಗೆ ನಾಲ್ಕು ಪ್ಲಗ್ಗು, ಒಂದೊಂದಕ್ಕೂ ಒಂದು ವೈರು. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ವೈರು ಕಿತ್ತು, ಸದ್ದು ಕೇಳಿ, ಮತ್ತೆ ಹಾಕಬೇಕು. ದುಡಿಯುವ ಪ್ಲಗ್ಗಿನ ವೈರು ಕಿತ್ತರೆ ಎಂಜಿನ್ ಇನ್ನಷ್ಟು ಕುಂಟುತ್ತದೆ. ಕಿತ್ತರೂ ಸದ್ದು ಬದಲಾಗಲಿಲ್ಲವೋ, ಆ ಪ್ಲಗ್ಗೇ ಮೈಗಳ್ಳ. ಕೆಲಸ ಮಾಡದವನು ರಜೆ ಹಾಕಿದರೆ ಆಫೀಸಿಗೆ ಗೊತ್ತಾಗುವುದಿಲ್ಲವಲ್ಲ, ಹಾಗೆ. ಕರೆಂಟು ಹೊಡೆಯದಂತೆ ವೈರನ್ನು ರಬ್ಬರಿನಲ್ಲಿ ಹಿಡಿಯಬೇಕು. ಅಪ್ಪ ಅತ್ತಿತ್ತ ನೋಡಿ ಅವ್ವನ ಒಂದು ಚಪ್ಪಲಿ ಇಸಕೊಂಡ. ರೇಷ್ಮೆ ಸೀರೆಗೂ ಹವಾಯಿ ಚಪ್ಪಲಿಯೇ ಸರಿ ಅನ್ನುವವಳು ನಮ್ಮವ್ವ. ಊರವರ ಮುಂದೆ ಒಂಟಿ ಚಪ್ಪಲಿಯಲ್ಲಿ ನಿಂತ ಅವಳ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಅಪ್ಪ ಚಪ್ಪಲಿ ಮಡಚಿ ವೈರು ಹಿಡಿದ. ಮೊದಲನೆಯದು ಕಿತ್ತಾಗ ಎಂಜಿನ್ ಕುಸಿಯಿತು. ಎರಡನೆಯದಕ್ಕೂ ಕುಸಿಯಿತು. ಮೂರನೆಯದಕ್ಕೆ ಏನೂ ಆಗಲಿಲ್ಲ, ಅದೇ ಕುಂಟು, ಅದೇ ಕೆಮ್ಮು. ನಾಲ್ಕನೆಯದಕ್ಕೆ ಮತ್ತೆ ಕುಸಿಯಿತು. ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಅಪ್ಪ ಬೆನ್ನು ನೆಟ್ಟಗೆ ಮಾಡಿ, ಎರಡನೇದು ಕೆಟ್ಟೈತಿ ಅಂತ ಎಲ್ಲರಿಗೂ ತೀರ್ಪು ಕೊಟ್ಟ.

ಇಷ್ಟು ದಿನ ನಾನು ಹುಡುಕುತ್ತಿದ್ದ ಸಾಕ್ಷಿ ಕಾಲಿಗೇ ಬಂದು ಬಿದ್ದಿತ್ತು. ಮೂರನೇದು ಅಂತ ಒಂದು ಮಾತು ಅಂದರೆ ಸಾಕು, ಕೀ ನನ್ನದು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಇಷ್ಟು ಜನರ ಮುಂದೆ, ಕೈಯಲ್ಲಿ ಚಪ್ಪಲಿ ಹಿಡಿದು ನಿಂತ ಅವನನ್ನು ನೋಡಿ ನನಗೆ ಪಾಪ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು. ಮೂರನೇ ವೈರನ್ನೇ ನೋಡುತ್ತ ನಿಂತೆ.

ಅಪ್ಪ ನನ್ನ ಮುಖ ನೋಡಿದ. ಅಲ್ಲಿ ಏನು ಕಂಡನೋ, ಮತ್ತೆ ಬಗ್ಗಿ ಎರಡನೇ ವೈರು ಕಿತ್ತು ಸಿಕ್ಕಿಸಿದ, ಮೂರನೆಯದು ಕಿತ್ತು ಸಿಕ್ಕಿಸಿದ. ಕೈ ಅಲ್ಲೇ ನಿಂತಿತು. ಆಮೇಲೆ ನನ್ನ ಹತ್ತಿರ ಸರಿದು ಕಿವಿಯಲ್ಲಿ ಗುಟ್ಟು ಹೇಳಿದ. ಕಿವಿ ಮಂದವಾದವರಿಗೆ ತಮ್ಮ ದನಿಯ ಅಳತೆ ತಿಳಿಯುವುದಿಲ್ಲ. ಅವನ ಗುಟ್ಟು ಇಡೀ ಬಸ್ ಸ್ಟ್ಯಾಂಡಿಗೆ ಕೇಳಿಸಿತು.

"ನನಗ ಕೇಳಸವಲ್ದವ್ವ. ನೀ ಕೇಳಿ ಹೇಳು."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವ್ವನ ಇನ್ನೊಂದು ಚಪ್ಪಲಿಗೆ ನಾನು ಕೆಲಸ ಕೊಡುತ್ತಿದ್ದೆ. ಸಲಹೆ ಕೊಡುತ್ತಿದ್ದವರೆಲ್ಲ ತಾವಾಗಿಯೇ ಬಾಯಿ ಮುಚ್ಚಿದರು. ಮಿರ್ಚಿ ಅಂಗಡಿಯವನು ಎಣ್ಣೆಯಲ್ಲಿ ಜಾಲರಿ ಸೌಟು ಆಡಿಸುವುದನ್ನು ನಿಲ್ಲಿಸಿದ. ಅಪ್ಪ ಮೊದಲಿನಿಂದ ಒಂದೊಂದೇ ವೈರು ಕೀಳುತ್ತ ನನ್ನನ್ನೇ ನೋಡಿದ. ನಾನು ಮೂರು ಬೆರಳು ಎತ್ತಿ ತೋರಿಸಿದೆ.

ಎಂಜಿನ್ ಆರುವವರೆಗೆ ಕಾದು, ಡಿಕ್ಕಿಯಿಂದ ಪಾನಾ ತಂದು, ಅಪ್ಪ ಆ ಪ್ಲಗ್ಗು ಬಿಚ್ಚಿದ. ಅದರ ಮೂತಿ ಮಸಿ ಹಿಡಿದು ಕಪ್ಪಾಗಿತ್ತು. ಕೂತು ಉಪ್ಪುಕಾಗದದಲ್ಲಿ ಉಜ್ಜಿದ, ಊದಿದ, ಬೆಳಕಿಗೆ ಹಿಡಿದು ನೋಡಿದ, ಮತ್ತೆ ಉಜ್ಜಿದ. ವಾಪಸ್ ಕೂರಿಸಿ ಸ್ಟಾರ್ಟ್ ಮಾಡಿದಾಗ ಕಾರಿನ ಕೆಮ್ಮು ನಿಂತಿತ್ತು. ಅವನು ಎಂಜಿನ್ನಿನ ಮೇಲೆ ಅಂಗೈ ಇಟ್ಟು ನನ್ನ ಕಡೆ ನೋಡಿದ. ಸರಿಯಾಗಿದೆ ಅಂತ ತಲೆ ಆಡಿಸಿದೆ. ಚಪ್ಪಲಿ ಅವ್ವನ ಕಾಲಿಗೆ ಮರಳಿತು.

ಆಮೇಲೆ ಅಪ್ಪ ಸುತ್ತು ಹಾಕಿ ಎಡಗಡೆಯ ಬಾಗಿಲು ತೆಗೆದು ಕೂತ. ಯಾವತ್ತೂ ಮುಂದಿನ ಸೀಟು ಬಿಟ್ಟುಕೊಡದ ಅವ್ವ ಡಬ್ಬಿ ಹಿಡಿದು ಹಿಂದೆ ಹೋದಳು. ಕೀ ಕಾರಿನಲ್ಲೇ ಇತ್ತು. ಅವನು ಕೊಡಲೂ ಇಲ್ಲ, ನಾನು ಕೇಳಲೂ ಇಲ್ಲ. ಈ ದಿನ ಬಂದರೆ ಗೆದ್ದಂತಾಗುತ್ತದೆ ಅಂದುಕೊಂಡಿದ್ದೆ. ಹಾಗೇನೂ ಅನ್ನಿಸಲಿಲ್ಲ. ಸ್ಟೇರಿಂಗಿನ ಮುಂದೆ ಕೂತು ಗೇರು ಹಾಕಿದೆ.

ಸಿರುಗುಪ್ಪದ ದಾರಿಯುದ್ದಕ್ಕೂ ಅಪ್ಪ ನನ್ನ ಗೇರಿಗೊಂದು, ಕ್ಲಚ್ಚಿಗೊಂದು ಕೊಂಕು ತೆಗೆಯುತ್ತ ಬಂದ. ನಾನೂ ಎದುರು ಮಾತಾಡುತ್ತ ಓಡಿಸಿದೆ. ಗದ್ದೆಗಳ ನಡುವೆ ಒಂದು ಕಡೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ದಾರಿ ತುಂಬ ಹೋಗುತ್ತಿತ್ತು. ಹಾರ್ನ್ ಹೊಡಿ ಅಂದ ಅಪ್ಪ. ಹೊಡೆದೆ. ಅವನು ಟ್ರ್ಯಾಕ್ಟರನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದ. ಆಮೇಲೆ ನನ್ನ ಕಡೆ ತಿರುಗಿದ.

"ಹೊಡದಿ ಏನವ್ವಾ?"

"ಹೊಡದೀನಪ್ಪಾ," ಅಂದೆ, ಅವನಿಗೆ ಕೇಳುವಷ್ಟು ಜೋರಾಗಿ.