ಪಂಪಿದ್ದವನಿಗೆ ನೀರಿಲ್ಲ

ನಮ್ಮ ಕಡೆ ಪಂಪು ಅಂದರೆ ಬೋರ್‌ವೆಲ್ಲಿನದು. ನನ್ನ ಎದೆಯೊಳಗೆ ಪಂಪು ಕೂರಿಸಿದ್ದಾರೆ ಅನ್ನುವ ಸುದ್ದಿ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹಬ್ಬಿದಾಗ ಪಕ್ಕದ ಮನೆಯಾತ ಕೇಳಿದ್ದು ಒಂದೇ ಮಾತು: "ಎಷ್ಟು ಹೆಚ್‌ಪಿ, ಗುರು?"

ಸೋತುಹೋದ ಗುಂಡಿಗೆಗೆ ಹೆಗಲು ಕೊಟ್ಟು ರಕ್ತ ತಳ್ಳುವ ಯಂತ್ರ ಅದು. ಹೊಟ್ಟೆಯ ಪಕ್ಕದಿಂದ ಒಂದು ವೈರು ಹೊರಬಂದು ಸೊಂಟದ ಡಬ್ಬಿಗೆ ಸೇರುತ್ತಿತ್ತು. ಪಂಪು ಎಷ್ಟು ವೇಗವಾಗಿ ತಿರುಗುತ್ತಿದೆ, ರಕ್ತ ಎಷ್ಟು ಹರಿಯುತ್ತಿದೆ ಅನ್ನುವುದೆಲ್ಲ ಆ ಡಬ್ಬಿಯ ಮೇಲೆ ಅಂಕಿಯಾಗಿ ಕಾಣುತ್ತಿತ್ತು. ವೇಗ ಹೆಚ್ಚುಕಡಿಮೆ ಮಾಡುವುದು ಆಸ್ಪತ್ರೆಯವರ ಕೆಲಸ. ಅಂಕಿ ನೋಡುವುದು, ಡಬ್ಬಿ ಕೂಗಿದರೆ ಓಡಿಬರುವುದು ನನ್ನ ಹೆಂಡತಿಯ ಕೆಲಸ.

ಬದುಕಿದೆ, ಸುಳ್ಳು ಹೇಳಬಾರದು. ಆದರೆ ವೈರು ಹೊರಬರುವ ಗಾಯಕ್ಕೆ ನೀರು ತಾಕಿದರೆ ಕೀವು ಒಳಗಿಳಿಯುತ್ತದೆ ಅಂತ ಡಾಕ್ಟರು ಹೆದರಿಸಿಬಿಟ್ಟಿದ್ದರು. ಮೈಗೆ ಒದ್ದೆ ಬಟ್ಟೆಯಷ್ಟೇ. ನಾನೋ ಸ್ನಾನದ ಹುಚ್ಚ. ಮಗ್ಗದ ಮನೆಯಿಂದ ಬಂದವನೇ ಬೆನ್ನು ಕೆಂಪಾಗುವಷ್ಟು ಬಿಸಿನೀರು ಹುಯ್ದುಕೊಂಡು, ಹಂಡೆ ಬರಿದು ಮಾಡಿ ಬೈಸಿಕೊಳ್ಳುತ್ತಿದ್ದವನು. ಆ ನೀರು ಬೇಕು ಅನ್ನಿಸುತ್ತಿತ್ತು. ಹಸಿದವನಿಗೆ ಅನ್ನ ಬೇಕು ಅನ್ನಿಸುವ ಹಾಗೆ.

ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಸಂಜೆ ಹೆಂಡತಿ ಹಂಡೆ ತೊಳೆದು ತುಂಬಿದ್ದಳು. ಬೆಳಗ್ಗೆ ಅವಳು ತಲೆಗೆ ಹರಳೆಣ್ಣೆ ಒತ್ತಿಕೊಳ್ಳುವಾಗ ನನಗೆ ತಡೆಯಲಾಗಲಿಲ್ಲ.

"ಒಂದೇ ಒಂದು ಚೊಂಬು ಹುಯ್ಯೇ ಬೆನ್ನಿಗೆ."

"ಹುಯ್ಯಬೇಕಂತೆ! ಆಮೇಲೆ ನಾನು ಯಾರ ಬೆನ್ನು ತಿಕ್ಲಿ?"

ಮುಖ ಊದಿಸಿಕೊಂಡು ಕೂತೆ. ಅವಳು ಬಚ್ಚಲಿಗೆ ಹೋದಳು. ಹೋದಷ್ಟೇ ಬೇಗ ಹೊರಗೆ ಬಂದು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ನನ್ನ ಡಬ್ಬಿ ನೋಡಿದಳು. ಕಿವಿಯ ಹಿಂದೆ ಎಣ್ಣೆ ಇನ್ನೂ ಇಳಿಯುತ್ತಿತ್ತು.

"ಇದೇನೇ ಹಬ್ಬದ ಸ್ನಾನ?"

"ದಿನಾ ಇಷ್ಟೇ ಕಣ್ರೀ. ಬಾಗಿಲು ಹಾಕಿದ್ರೆ ಡಬ್ಬಿ ಕೂಗಿದ್ದು ಕೇಳ್ಸಲ್ಲ. ಏರ್‌ಪೋರ್ಟಿಂದ ವಿಮಾನ ತಲೆ ಮೇಲೆ ಹೋಗೋವಾಗಂತೂ ಏನೂ ಕೇಳ್ಸಲ್ಲ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನೀರಿಗೆ ಬಾಯಿಬಿಡುತ್ತಿರುವವನು ಆ ಮನೆಯಲ್ಲಿ ನಾನೊಬ್ಬನೇ ಅಂದುಕೊಂಡಿದ್ದೆ. ಕುರ್ಚಿ ಎಳೆದು ಬಚ್ಚಲ ಬಾಗಿಲಿಗೆ ಹಾಕಿಕೊಂಡೆ.

"ಹೋಗು, ಚಿಲಕ ಹಾಕ್ಕೋ. ನಾನು ಅಂಕಿ ಓದ್ತಾ ಇರ್ತೀನಿ. ದನಿ ಕೇಳ್ತಿರೋವರೆಗೂ ಗಂಡ ಇದಾನೆ ಅಂದ್ಕೋ."

"ಹಬ್ಬದ ದಿನ ಎಂಥ ಮಾತು!" ಅಂತ ಗದರಿಸಿ ಒಳಗೆ ಹೋದಳು.

ನಾನು ಹರಿವು ಓದಿದೆ, ವೇಗ ಓದಿದೆ, ಮತ್ತೆ ಹರಿವು ಓದಿದೆ. ಒಳಗೆ ಚೊಂಬು ಹಂಡೆಯಲ್ಲಿ ಮುಳುಗುತ್ತಿತ್ತು. ನೀರು ಮೈಮೇಲೆ ಬಿದ್ದು ಕಲ್ಲಿಗೆ ಹರಡುವ ಸದ್ದು. ಬಾಗಿಲ ಸಂದಿಯಿಂದ ಸೀಗೆಕಾಯಿ ವಾಸನೆ. ಪ್ರತಿ ಚೊಂಬಿಗೂ ನನ್ನ ಬೆನ್ನು ಜುಮ್ಮೆನ್ನುತ್ತಿತ್ತು. ತಲೆ ಮೇಲೆ ವಿಮಾನ ಹೋಯಿತು. ಅಂಕಿಗಳನ್ನು ಕೂಗಿ ಹೇಳಿದೆ.

ಒಳಗೆ ಸದ್ದು ನಿಂತಿತು.

"ನೀರು ಆಗೋಯ್ತೇನೇ?"

"ಇಲ್ಲ, ಇನ್ನೂ ಅರ್ಧ ಹಂಡೆ ಇದೆ. ಸಾಕು, ಬಂದೆ."

"ಬರ್ಬೇಡ," ಅಂದೆ. "ನನ್ ಪಾಲಿಂದೂ ನೀನೇ ಹುಯ್ಕೊಳ್ಳೇ."