ಯಾವ ವಿಮಾನದ ವಾಷರ್?

ಸರ್ವಿಸ್ ಮುಗಿಸಿ ತಂದು ನಿಲ್ಲಿಸಿದ್ದ ಮಗಳ ಸ್ಕೂಟರಿನ ಮೇಲೆ ಒಂದು ನಟ್ಟು ಬಿದ್ದಿತ್ತು. ಗ್ಯಾರೇಜಿನವನಿಗೆ ಫೋನ್ ಮಾಡಿದೆ. "ಅದೊಂದು ಉಳದೈತ್ರಿ. ಏನೂ ಆಗೂದಿಲ್ಲ ಬಿಡ್ರಿ" ಅಂದ. ಉಳಿಯುವುದಕ್ಕೆ ಅದೇನು ಮದುವೆ ಮನೆಯ ಹುಳಿಯೇ? ಮಗಳು ಯಲ್ಲಾಪುರಕ್ಕೆ ಹೊರಟು ನಿಂತಿದ್ದಳು. ನಾನು ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ನಿಮಗೆ ನಗು ಬರಬಹುದು. ನನಗೆ ಮಾತ್ರ ಎಲ್ಲಿಯದೆಂದು ತಿಳಿಯದ ನಟ್ಟು ಕಂಡರೆ ಭಯ. ಈ ರೋಗ ಅಂಟಿಸಿದವನು ನನ್ನ ಭಾವ.

ಭಾವ ಎಂದರೆ ಅಕ್ಕನ ಗಂಡ, ಹೇರೂರಿನವನು. ನೌಕಾಪಡೆಯಲ್ಲಿ ವಿಮಾನ ರಿಪೇರಿಯ ಕೆಲಸ. ಅದೂ ಎಂಥ ವಿಮಾನ! ನಿಂತಲ್ಲಿಂದಲೇ ನೆಟ್ಟಗೆ ಮೇಲೇಳುವ ಯುದ್ಧವಿಮಾನ. ಹಾಸಿಗೆಯಿಂದ ನೆಟ್ಟಗೆ ಏಳಲಾರದ ನಾನು ಮೊದಲು ಇದನ್ನು ನಂಬಿರಲೇ ಇಲ್ಲ. ಮಾಡಿದ ದೇಶದವರೇ ಮಾಡುವುದನ್ನು ನಿಲ್ಲಿಸಿದ್ದರಿಂದ ಬಿಡಿಭಾಗ ಸಿಗುವುದು ಕಷ್ಟವಾಗಿತ್ತಂತೆ. ಹಾಗಾಗಿ ಒಂದು ವಿಮಾನವನ್ನು ಶೆಡ್ಡಿನ ಮೂಲೆಗೆ ತಳ್ಳಿ, ಅದರದ್ದನ್ನು ಬಿಚ್ಚಿ ಹಾರುವ ವಿಮಾನಕ್ಕೆ ಹಾಕುತ್ತಿದ್ದರು.

ಒಮ್ಮೆ ಅವನು ರಜೆಗೆ ಬಂದಾಗ ನಾನೂ ಅಲ್ಲಿದ್ದೆ. ಅಕ್ಕ ಸೀಮೆಎಣ್ಣೆ ನಾರುವ ಅವನ ಕೆಲಸದ ಅಂಗಿಯನ್ನು ನೆನೆಹಾಕುವ ಮೊದಲು ಜೇಬು ಕೊಡವಿದಳು. ಪುಟ್ಟದೊಂದು ವಾಷರ್ ಬಿತ್ತು.

"ಇದೆಂತದು?" ಎಂದು ಎತ್ತಿ ತೋರಿಸಿದಳು.

ಭಾವನ ಮುಖ ಬಿಳಚಿಕೊಂಡಿತು. ಊರಿಗೆ ಹೊರಡುವ ಮುನ್ನ ಅವನು ಮೂಲೆಯ ವಿಮಾನದ ಪಂಪು ಬಿಚ್ಚಿ ಇನ್ನೊಂದಕ್ಕೆ ಕೂರಿಸಿ ಬಂದಿದ್ದ. ವಾಷರ್ ಮೂಲೆಯದ್ದಾದರೆ ಚಿಂತೆಯಿಲ್ಲ. ಹಾರುವುದರದ್ದಾದರೆ?

"ನಾಳೆ ಬೆಳಗ್ಗೆ ಅದು ಹಾರ್ತು," ಅಂದ. "ಒಳಗೊಬ್ಬ ಕೂತಿರ್ತ."

ಮನೆಯ ಫೋನು ಎಂದಿನಂತೆ ಸತ್ತಿತ್ತು. ನನ್ನ ಹಳೇ ಸ್ಕೂಟರಿನಲ್ಲಿ ಸಿದ್ದಾಪುರಕ್ಕೆ ಹೋದೆವು. ಅಲ್ಲಿಯ ಎಸ್‌ಟಿಡಿ ಬೂತಿನಲ್ಲೂ ಲೈನಿಲ್ಲ. ಹಾಗೇ ಶಿರಸಿ ಕಡೆ ತಿರುಗಿಸಿದೆ. ಹಿಂದೆ ಕೂತವನು ವಾಷರನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದ. ಮೂಲೆಯದ್ದೇ ಇಕ್ಕು, ಅಂದರೆ ಇರಬಹುದು, ಎಂದು ಧೈರ್ಯ ಹೇಳಿದೆ.

"ಇಕ್ಕು ಹೇಳಿ ವಿಮಾನ ಹಾರ್ಸಲೆ ಆಗ್ತಿಲ್ಲೆ, ಮಾರಾಯ!"

ನಾನು ಸ್ಕೂಟರನ್ನು ಇನ್ನಷ್ಟು ಜೋರಾಗಿ ಓಡಿಸಿದೆ.

ಶಿರಸಿಯಲ್ಲಿ, ದೇವರ ದಯೆ, ಲೈನು ಸಿಕ್ಕಿತು. ಭಾವ ಬೂತಿನೊಳಗೂ ಅಟೆನ್ಷನ್ನಿನಲ್ಲಿ ನಿಂತು ಹಿಂದಿಯಲ್ಲಿ ಎಲ್ಲ ಹೇಳಿದ. ಆ ಕಡೆಯ ಕೂಗು ಹೊರಗೆ ನಿಂತ ನನಗೂ ಕೇಳಿಸಿತು. ಹಾರಾಟ ನಿಲ್ಲಿಸಿದರು.

ಮರುದಿನ ಮತ್ತೆ ಅದೇ ಬೂತು. ಪಂಪು ಬಿಚ್ಚಿ ನೋಡಿದ್ದರು. ಅಲ್ಲಿ ಎಲ್ಲವೂ ಸರಿಯಾಗಿತ್ತು. ನಮ್ಮ ಕೈಯಲ್ಲಿದ್ದದ್ದು ಮೂಲೆಯ ವಿಮಾನದ್ದೇ. ಭಾವ ಇನ್ನೊಮ್ಮೆ ಚೆನ್ನಾಗಿ ಬೈಸಿಕೊಂಡು ಹೊರಬಂದ. "ಸುಮ್ನೆ ಓಡಾಡಿದ್ದಾತು ನೋಡು" ಎಂದು ನಾನು ನಗಲು ಹೋದರೆ, ಅವನು ಅಂಗಡಿ ಕಟ್ಟೆಯ ಮೇಲೆ ಕುಸಿದು ಮಕ್ಕಳ ಹಾಗೆ ಅಳುತ್ತಿದ್ದ.

ಈಗ ಆ ವಿಮಾನಗಳೆಲ್ಲ ನಿವೃತ್ತಿಯಾಗಿವೆ, ಭಾವನೂ. ಮಗಳು ನನ್ನ ಮೇಲೆ ದೂರು ಹೇಳಲು ಅವನಿಗೇ ಫೋನ್ ಹಚ್ಚಿದಳು.

"ಮಾವಾ, ಒಂದು ನಟ್ಟು ಉಳದ್ದು ಹೇಳಿ ಅಪ್ಪ ಕೀಲಿ ಕೊಡ್ತ್ನಿಲ್ಲೆ!"

ಸ್ಪೀಕರಿನಲ್ಲಿ ಭಾವನ ದನಿ ಬಂತು.

"ಎಲ್ಲಿದು ಹೇಳಿ ಗೊತ್ತಿದ್ದ?"

"ಇಲ್ಲೆ."

"ಹಂಗಾರೆ ಬಸ್ಸಿಗೆ ಹೋಗು, ಕೂಸೇ."

ಅವಳು ಮುಖ ಊದಿಸಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು. ನಾನು ನಟ್ಟನ್ನು ಜೇಬಿಗೆ ಹಾಕಿ, ಸ್ಕೂಟರನ್ನು ತಳ್ಳುತ್ತಾ ಗ್ಯಾರೇಜಿಗೆ ಹೊರಟೆ. ಎಲ್ಲ ಬಿಚ್ಚಿ ನೋಡಿದ ಮೇಲೆ ಅದು ಸುಮ್ಮನೆ ಉಳಿದದ್ದೇ ಆಗಿರಲಿ, ಗ್ಯಾರೇಜಿನವನು ನನಗೆ ಹೊಟ್ಟೆ ತುಂಬ ಬೈಯಲಿ ಎಂದು ದಾರಿಯುದ್ದಕ್ಕೂ ಬೇಡಿಕೊಳ್ಳುತ್ತಿದ್ದೆ.